ಬೆಳಕೂ ಮದ್ದೂ ಪೈರಿನ ಜೀವಕೋಶಕ್ಕೆ ಕೊಡುವ ಅಪ್ಪಣೆ

(ಸಂತೆಬಾಚಹಳ್ಳಿ ಹೋಬಳಿಯ ವ್ಯವಸಾಯದ ಇನ್‌ಸ್ಪೆಕ್ಟರವರಿಂದ)

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ಹೋಬಳಿಯಲ್ಲಿಯೂ, ನೆರೆಯ ನಾಗಮಂಗಲ ಪಾಂಡವಪುರಗಳ ಸೀಮೆಯಲ್ಲಿಯೂ, ಖುಷ್ಕಿ ಜಮೀನಿನ ರಾಗಿಯ ನಡುವೆ ಅವರೆಯನ್ನು ಅಕ್ಕಡಿ ಸಾಲಾಗಿ ಬಿತ್ತುವುದು ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿದೆ. ಆಷಾಢ ಶ್ರಾವಣಗಳಲ್ಲಿ ಬಿತ್ತಿದ ನಾಟಿ ಅವರೆಯು ರಾಗಿಯೊಡನೆ ಹಬ್ಬಿ ಬೆಳೆದು, ರಾಗಿಯ ಕೊಯ್ಲಿನ ಸುಮಾರಿಗೆ ಹೂವೇರಿ, ಮಾರ್ಗಶಿರ ಪುಷ್ಯಗಳ ಇಬ್ಬನಿಯಲ್ಲಿ ಸೊಗಡಿನ ಕಾಯಿಗಳನ್ನು ಕೊಡುತ್ತದೆ. ಮೊದಲು ಬಿತ್ತಿದವನ ಹೊಲದಲ್ಲಿಯೂ, ಎರಡು ಮೂರು ವಾರ ತಡವಾಗಿ ಬಿತ್ತಿದವನ ಹೊಲದಲ್ಲಿಯೂ ಹೂವು ಹೆಚ್ಚು ಕಡಮೆ ಒಂದೇ ಕಾಲಕ್ಕೆ ಕಾಣಿಸಿಕೊಳ್ಳುವುದನ್ನು ರೈತರೆಲ್ಲರೂ ಬಲ್ಲರು. ಪಂಚಾಂಗವನ್ನು ನೋಡದ ಗಿಡವು ತಿಂಗಳನ್ನು ತಿಳಿಯುವುದು ಹೇಗೆ? ಈ ಪ್ರಶ್ನೆಗೆ ದೊರೆತಿರುವ ಉತ್ತರವನ್ನೂ, ಅದರಿಂದ ವ್ಯವಸಾಯಗಾರನಿಗೆ ಆಗತಕ್ಕ ಲಾಭನಷ್ಟಗಳನ್ನೂ ಈ ಲೇಖನದಲ್ಲಿ ವಿವರಿಸಲಾಗುವುದು.

ಈ ವಿಷಯದ ಕಡೆಗೆ ನನ್ನ ಗಮನವನ್ನು ಸೆಳೆದುದು ನನ್ನದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ಊರಂಚಿನ ಜಮೀನಿನ ರೈತರೊಬ್ಬರು ನನ್ನನ್ನು ಕರೆದೊಯ್ದು, “ಸ್ವಾಮಿ, ಹೊಲದ ಈ ಮೂಲೆಯೊಂದರಲ್ಲಿ ಮಾತ್ರ ಅವರೆ ಹೂವನ್ನೇ ಬಿಟ್ಟಿಲ್ಲ. ಬಳ್ಳಿ ನೋಡಿದರೆ ಎಲ್ಲಕ್ಕಿಂತ ಸೊಂಪಾಗಿದೆ” ಎಂದರು. ನಾನು ಮಣ್ಣನ್ನು ಕೈಯಲ್ಲಿ ಉಜ್ಜಿ ನೋಡಿ, ಸಾರಜನಕ ಹೆಚ್ಚಾಗಿ ರಂಜಕ ಕಡಮೆಯಾಗಿರಬೇಕೆಂದು ಊಹಿಸಿ, ಸೂಪರ್ ಫಾಸ್ಫೇಟ್ ಹಾಕಿಸಿದೆನು. ಗೊಬ್ಬರಕ್ಕೆ ಹಣ ಖರ್ಚಾಯಿತೇ ಹೊರತು ಹೂವು ಬರಲಿಲ್ಲ. ಹದಿನೈದು ದಿನಗಳ ತರುವಾಯ ಒಂದು ಸಂಜೆ ಅದೇ ದಾರಿಯಲ್ಲಿ ಬರುವಾಗ, ಬೀದಿಯ ಕೊನೆಯ ಕಂಬದ ದೀಪವು ಹೊತ್ತಿಕೊಂಡು, ಅದರ ಬೆಳಕು ಹೂವಿಲ್ಲದ ಆ ಮೂಲೆಯ ಮೇಲೆಯೇ ಅರ್ಧ ಚಂದ್ರಾಕಾರವಾಗಿ ಬಿದ್ದಿರುವುದನ್ನು ಕಂಡೆನು. ಬೆಳಕು ಮುಗಿಯುವ ಕಡೆಯಿಂದ ಹೂವು ಮೊದಲಾಗಿತ್ತು. ದೀಪದ ಹೊಲದ ಕಡೆಗೆ ತಗಡಿನ ಮರೆಯೊಂದನ್ನು ಕಟ್ಟಿಸಿದ ಮೇಲೆ ಕೆಲವು ವಾರಗಳಲ್ಲಿ ಆ ಮೂಲೆಯೂ ಹೂವೇರಿತು. ಆದರೆ ಕಾಯಿ ಬಲಿಯುವ ಹೊತ್ತಿಗೆ ಸಂಕ್ರಾಂತಿ ಕಳೆದು ಪೇಟೆಯ ಧಾರಣೆ ಇಳಿದುಹೋಗಿತ್ತು. ಒಂದು ಹೊಲದ ಅನುಭವವನ್ನೇ ಪ್ರಮಾಣವೆಂದು ಹೇಳಲಾಗದು. ಆದರೂ ಇದು ಶಾಸ್ತ್ರಜ್ಞರು ನೂರು ವರ್ಷಗಳಿಂದ ಪರೀಕ್ಷಿಸಿ ತಿಳಿದಿರುವ ಸಂಗತಿಗೆ ಪೂರ್ತಿಯಾಗಿ ಹೊಂದುತ್ತದೆ.

ಜೀವಕೋಶವೂ ಅದರ ತೂಬುಗಳೂ

ಗಿಡವಾಗಲಿ ದನವಾಗಲಿ ಮನುಷ್ಯನಾಗಲಿ, ಎಲ್ಲರ ಶರೀರವೂ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆದುದು. ಹೆಚ್ಚು ಕಡಮೆ ಪ್ರತಿಯೊಂದು ಕೋಶದ ಕೇಂದ್ರದಲ್ಲಿಯೂ ಆ ಜೀವಿಯ ಸಮಸ್ತ ಗುಣಗಳನ್ನೂ ಹೊತ್ತಿರುವ ವಂಶವಾಹಿಗಳು ಸಾವಿರಾರು ಇರುತ್ತವೆ. ಎಲೆಯನ್ನು ಮಾಡುವ ವಂಶವಾಹಿ, ಹೂವನ್ನು ಮಾಡುವ ವಂಶವಾಹಿ, ಕಾಯನ್ನು ಹಣ್ಣಾಗಿಸುವ ವಂಶವಾಹಿ ಎಲ್ಲವೂ ಬೀಜದಲ್ಲಿಯೇ ಉಂಟು. ಆದರೆ ಎಲ್ಲವೂ ಏಕಕಾಲದಲ್ಲಿ ಕೆಲಸ ಮಾಡುವುದಿಲ್ಲ. ಒಂದು ವಂಶವಾಹಿಯಲ್ಲಿ ಅಡಗಿರುವ ವಿಧಿಯಂತೆ ಕೋಶವು ಬೇಕಾದ ಪ್ರೋಟೀನನ್ನು ತಯಾರಿಸಿದಾಗ ಮಾತ್ರ ಆ ವಂಶವಾಹಿಯು ಪ್ರಕಟವಾಯಿತೆಂದು ಹೇಳುತ್ತಾರೆ.

ನಮ್ಮ ಕೆರೆಯ ಅಚ್ಚುಕಟ್ಟಿನ ಉಪಮಾನದಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಕೆರೆಯಲ್ಲಿ ನೀರು ತುಂಬಿದ್ದರೂ ತೂಬನ್ನು ಎತ್ತದೆ ಗದ್ದೆಗೆ ಹನಿಯೂ ಹರಿಯದು. ಯಾವ ತೂಬನ್ನು ಎಂದು ಎತ್ತಬೇಕು, ಎಂದು ಮುಚ್ಚಬೇಕು ಎಂಬುದು ನೀರುಗಂಟಿಯ ಕೆಲಸ. ಕೋಶದೊಳಗೂ ಪ್ರತಿ ವಂಶವಾಹಿಗೆ ಒಂದೊಂದು ತೂಬು ಇದ್ದಂತಿದ್ದು, ಅದನ್ನು ಎತ್ತುವ ಮತ್ತು ಮುಚ್ಚುವ ಪ್ರೋಟೀನುಗಳು ನೀರುಗಂಟಿಗಳಂತೆ ನಡೆದುಕೊಳ್ಳುತ್ತವೆ. ಈ ನೀರುಗಂಟಿಗಳಿಗೆ ಹೊರಗಿನಿಂದ ಅಪ್ಪಣೆ ಬರುವುದು ಮುಖ್ಯವಾಗಿ ಶಾಖದಿಂದ, ಬೆಳಕಿನಿಂದ ಮತ್ತು ಕೆಲವು ರಾಸಾಯನಿಕ ವಸ್ತುಗಳಿಂದ. ಇವುಗಳಲ್ಲಿ ಬೆಳಕನ್ನೂ ಮದ್ದನ್ನೂ ಕುರಿತು ಇಲ್ಲಿ ವಿಚಾರಿಸೋಣ.

ರಾತ್ರಿಯ ಅಳತೆ

1920ರಲ್ಲಿ ಅಮೆರಿಕದ ವ್ಯವಸಾಯದ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಶಾಸ್ತ್ರಜ್ಞರು, ಬೇಸಗೆಯಲ್ಲಿ ಆಳೆತ್ತರಕ್ಕೆ ಮೀರಿ ಬೆಳೆದರೂ ಹೂ ಬಿಡದ ಒಂದು ಹೊಗೆಸೊಪ್ಪಿನ ತಳಿಯನ್ನು ಪ್ರತಿದಿನವೂ ಕೆಲವು ಗಂಟೆಗಳ ಕಾಲ ಕತ್ತಲೆಯ ಕೊಟ್ಟಿಗೆಯಲ್ಲಿಟ್ಟು ಹಗಲನ್ನು ಮೊಟಕುಗೊಳಿಸಲು, ಅದು ಹೂವೇರಿತೆಂದು ಪ್ರಕಟಿಸಿದರು. ನೀರಾಗಲಿ ಗೊಬ್ಬರವಾಗಲಿ ಅಲ್ಲ, ಹಗಲಿನ ಉದ್ದವೇ ಹೂವಿಗೆ ಕಾರಣವೆಂದು ಆಗ ಸ್ಪಷ್ಟವಾಯಿತು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು, ಬಟ್ಟೆಗೆ ಅಂಟುವ ಮುಳ್ಳುಕಾಯಿಯ ಕಳೆಗಿಡವೊಂದನ್ನು ಪರೀಕ್ಷಿಸಿ, ಗಿಡವು ನಿಜವಾಗಿ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು ಎಂದು ತೋರಿಸಿದರು. ದೀರ್ಘವಾದ ರಾತ್ರಿಯ ನಡುವೆ ಅಲ್ಪಕಾಲ ದೀಪ ಹಚ್ಚಿದರೂ ಗಿಡವು ಆ ಕತ್ತಲೆಯನ್ನು ದೀರ್ಘವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈ ಅಳತೆಯನ್ನು ಮಾಡುವ ವಸ್ತು ಯಾವುದು? 1952ರಲ್ಲಿ ಬೆಲ್ಟ್ಸ್‌ವಿಲ್ ಎಂಬಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ಲೆಟಿಸ್ ಸೊಪ್ಪಿನ ಬೀಜಗಳ ಮೇಲೆ ಕೆಂಪು ಬೆಳಕನ್ನು ಬಿಟ್ಟಾಗ ಅವು ಮೊಳೆತವು. ಕೆಂಪಿನ ಅಂಚಿನಾಚೆಗಿರುವ, ಕಣ್ಣಿಗೆ ಬಹುಮಟ್ಟಿಗೆ ಕಾಣದ ಕಡುಗೆಂಪನ್ನು ಬಿಟ್ಟಾಗ ಮೊಳೆಯದೆ ಉಳಿದವು. ಎರಡನ್ನೂ ಒಂದಾದ ಮೇಲೊಂದರಂತೆ ಎಷ್ಟು ಸಾರಿ ಬಿಟ್ಟರೂ ಕೊನೆಯದಾಗಿ ಬಿದ್ದ ಬೆಳಕಿನ ಮಾತೇ ನಡೆಯಿತು. ಬಾಗಿಲ ಅಗುಳಿಯಂತೆ ಎರಡು ಕಡೆಗೂ ಸರಿಯುವ ಈ ವಸ್ತುವನ್ನು 1959ರಲ್ಲಿ ಕಂಡುಹಿಡಿದು ಫೈಟೋಕ್ರೋಮ್ ಎಂದು ಹೆಸರಿಟ್ಟರು. ಸುಮಾರು 660 ನಾನೋಮೀಟರ್ ಅಲೆಯುದ್ದದ ಕೆಂಪು ಬೆಳಕು ಇದನ್ನು ಚುರುಕುಗೊಳಿಸುತ್ತದೆ; ಸುಮಾರು 730 ನಾನೋಮೀಟರಿನ ಕಡುಗೆಂಪು ಮಂದಗೊಳಿಸುತ್ತದೆ. ಒಂದು ನಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಚುರುಕುಗೊಂಡ ಫೈಟೋಕ್ರೋಮ್ ಕೋಶಕೇಂದ್ರವನ್ನು ಹೊಕ್ಕು, ಅಲ್ಲಿನ ಕೆಲವು ನೀರುಗಂಟಿ ಪ್ರೋಟೀನುಗಳನ್ನು ತೆಗೆದುಹಾಕಿ, ಹಲವು ತೂಬುಗಳ ಸ್ಥಿತಿಯನ್ನು ಬದಲಿಸುತ್ತದೆ.

ಹೂವಿನ ಅಪ್ಪಣೆಯು ಎಲೆಯಿಂದ ಕುಡಿಗೆ ಹೋಗುವುದೆಂದು ತರ್ಕಿಸಿ, ಆ ಕಾಣದ ವಸ್ತುವಿಗೆ 1930ರ ದಶಕದಲ್ಲಿಯೇ ಸೋವಿಯತ್ ದೇಶದ ಚೈಲಾಖ್ಯಾನ್ ಎಂಬವರು ಫ್ಲೋರಿಜನ್ ಎಂಬ ಹೆಸರನ್ನು ಕೊಟ್ಟಿದ್ದರು. ಬತ್ತದಲ್ಲಿ ಅದು ಎಲೆಯೊಳಗೆ ತಯಾರಾಗಿ ಕುಡಿಗೆ ಸಾಗುವ ಒಂದು ಪ್ರೋಟೀನೆಂದು ಜಪಾನಿನ ಶಾಸ್ತ್ರಜ್ಞರು 2007ರಲ್ಲಿ ತೋರಿಸಿಕೊಟ್ಟರು. ಬತ್ತದ ಎಲೆಯಲ್ಲಿ ಹಗಲು ಮೊಟಕಾದಾಗ ಆ ವಂಶವಾಹಿಯ ತೂಬು ಎತ್ತುತ್ತದೆ. ಹಗಲು ದೀರ್ಘವಾದಾಗ ಮುಚ್ಚುತ್ತದೆ.

ನಮ್ಮ ಸೀಮೆಯಲ್ಲಿ ಅತ್ಯಂತ ದೀರ್ಘವಾದ ಹಗಲು ಸುಮಾರು 12 ಗಂಟೆ 50 ನಿಮಿಷ. ಅತ್ಯಂತ ಮೊಟಕಾದುದು 11 ಗಂಟೆ 20 ನಿಮಿಷಕ್ಕೆ ತುಸು ಮೇಲೆ. ವರ್ಷವೆಲ್ಲಾ ನೋಡಿದರೂ ವ್ಯತ್ಯಾಸವು ಒಂದೂವರೆ ಗಂಟೆಯಷ್ಟೇ. ನಾವು ಗಮನಿಸದೆ ಬಿಡುವ ಈ ಸಣ್ಣ ವ್ಯತ್ಯಾಸವನ್ನೇ ನಾಟಿ ಅವರೆಯು ಹಿಡಿದು ತಿಂಗಳನ್ನು ತಿಳಿಯುತ್ತದೆ.

ತಳಿಯ ಆಯ್ಕೆ

ನೀರಾವರಿ ಬಾವಿಯುಳ್ಳ ಕೆಲವರು ಬೇಸಗೆಯ ಪೇಟೆಯ ಆಸೆಯಿಂದ ನಾಟಿ ಅವರೆಯನ್ನೇ ಮಾಘ ಫಾಲ್ಗುಣಗಳಲ್ಲಿ ಬಿತ್ತುವುದುಂಟು. ಆ ಕಾಲದಿಂದ ಮುಂದಕ್ಕೆ ಹಗಲು ದೀರ್ಘವಾಗುತ್ತಲೇ ಹೋಗುವುದರಿಂದ, ನೀರು ಗೊಬ್ಬರಗಳನ್ನು ಎಷ್ಟು ಕೊಟ್ಟರೂ ಬಳ್ಳಿ ಬೆಳೆಯುವುದೇ ಹೊರತು ಹೂವಿನ ತೂಬು ಎತ್ತುವುದಿಲ್ಲ. ಅಂತಹ ಹೊಲವು ದನಕ್ಕೆ ಮೇವಾಗಬಹುದೇ ವಿನಾ ಮನೆಗೆ ಹಣವನ್ನು ತರಲಾರದು. ಇದು ಮಣ್ಣಿನ ದೋಷವೂ ಅಲ್ಲ, ದೃಷ್ಟಿದೋಷವೂ ಅಲ್ಲ.

ಈ ಕೊರತೆಯನ್ನು ನೀಗಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಉದ್ದವನ್ನು ಲಕ್ಷಿಸದ ಅವರೆ ತಳಿಗಳನ್ನು ಸಿದ್ಧಪಡಿಸಿದ್ದಾರೆ. ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ಇವುಗಳಲ್ಲಿ ಮುಖ್ಯವಾದುವು. ಇವು ಬಳ್ಳಿಯಾಗಿ ಹಬ್ಬದೆ ಗಿಡ್ಡ ಗಿಡಗಳಾಗಿ ನಿಂತು, ಯಾವ ತಿಂಗಳಲ್ಲಿ ಬಿತ್ತಿದರೂ ಸುಮಾರು ಎರಡು ಎರಡೂವರೆ ತಿಂಗಳಿಗೆ ಹಸಿಕಾಯಿ ಕೊಡತೊಡಗುತ್ತವೆ. ನಾಟಿ ಅವರೆಯ ಸೊಗಡು ಇವಕ್ಕಿಲ್ಲವೆಂದು ಕೊಳ್ಳುವವರು ಹೇಳುವುದು ನಿಜವೇ. ಆದುದರಿಂದ ಚಳಿಗಾಲದ ಅಕ್ಕಡಿಗೆ ನಾಟಿಯನ್ನೂ, ನೀರಿನ ಅನುಕೂಲವಿರುವ ಬೇಸಗೆಗೆ ಹೆಬ್ಬಾಳ ತಳಿಗಳನ್ನೂ ಇಟ್ಟುಕೊಳ್ಳುವುದು ಯುಕ್ತವಾಗಿ ತೋರುತ್ತದೆ. ಅಕ್ಕಡಿ ಸಾಲಿನಲ್ಲಿ ಹೆಬ್ಬಾಳ ತಳಿಗಳನ್ನು ಬಿತ್ತಿದರೆ ರಾಗಿ ಇನ್ನೂ ನಿಂತಿರುವಾಗಲೇ ಕಾಯಿ ಬಂದು ಬಿಡಿಸಲು ತೊಡಕಾಗುವುದನ್ನೂ ಮರೆಯಲಾಗದು.

ಬತ್ತದಲ್ಲಿಯೂ ಇದೇ ಕಥೆ ನಡೆದಿದೆ. ಹಳೆಯ ದೀರ್ಘಾವಧಿಯ ಬತ್ತಗಳಲ್ಲಿ ಹಲವು ಹಗಲು ಮೊಟಕಾಗುವವರೆಗೆ ತೆನೆ ಹಾಕುತ್ತಿರಲಿಲ್ಲ. 1966ರಲ್ಲಿ ಬಂದ ಐ.ಆರ್.-8, 1968ರಲ್ಲಿ ಬಂದ ಜಯ ಮುಂತಾದ ಗಿಡ್ಡ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ತಮ್ಮ ಅವಧಿಗೆ ಸರಿಯಾಗಿ ತೆನೆಬಿಟ್ಟುದರಿಂದ, ನಾಲೆಯ ನೀರು ದೊರೆಯುವ ಕಡೆ ಮುಂಗಾರು ಬೆಳೆಯ ತರುವಾಯ ಬೇಸಗೆಯ ಬೆಳೆಯನ್ನೂ ತೆಗೆಯಲು ಅನುಕೂಲವಾಯಿತು.

ದೀಪದ ಬೇಸಾಯ

ಒಬ್ಬ ರೈತನಿಗೆ ನಷ್ಟವನ್ನು ತಂದ ದೀಪವೇ ಬೇರೊಬ್ಬನಿಗೆ ಲಾಭವನ್ನು ತರುವುದುಂಟು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳ ಕಡೆಯ ಸೇವಂತಿಗೆಯ ತೋಟಗಳಲ್ಲಿ ರಾತ್ರಿಯ ಹೊತ್ತು ಸಾಲು ಸಾಲಾಗಿ ಬಲ್ಬುಗಳು ಉರಿಯುವುದನ್ನು ದಾರಿಹೋಕರು ಕಂಡಿರಬಹುದು. ಸೇವಂತಿಗೆಯೂ ದೀರ್ಘವಾದ ರಾತ್ರಿಯನ್ನು ಬಯಸಿ ಹೂ ಬಿಡುವ ಗಿಡ. ಗಿಡ ಎಳೆಯದಾಗಿರುವಾಗಲೇ ಮೊಗ್ಗು ಬಂದರೆ ಹೂವು ಕಡಮೆ, ಕಾಂಡವೂ ಮೋಟು. ಆದುದರಿಂದ ರಾತ್ರಿಯಲ್ಲಿ ದೀಪ ಹಚ್ಚಿ, ಗಿಡವು ಸಾಕಷ್ಟು ಬೆಳೆದು ಕವಲೊಡೆಯುವವರೆಗೆ ಮೊಗ್ಗನ್ನು ತಡೆದು, ಅನಂತರ ದೀಪವನ್ನು ನಿಲ್ಲಿಸಿ, ಹಬ್ಬದ ಪೇಟೆಗೆ ಹೂವು ಒದಗುವಂತೆ ಮಾಡುತ್ತಾರೆ.

ಇದರ ಒಳಗುಟ್ಟನ್ನು 2013ರಲ್ಲಿ ಜಪಾನಿನ ಶಾಸ್ತ್ರಜ್ಞರು ಅಲ್ಲಿಯ ಕಾಡುಸೇವಂತಿಗೆಯೊಂದರಲ್ಲಿ ಕಂಡುಹಿಡಿದರು. ರಾತ್ರಿಯ ನಡುವೆ ಬೆಳಕು ಬಿದ್ದರೆ, ಹೂವನ್ನು ತಡೆಯುವ ಪ್ರೋಟೀನೊಂದರ ವಂಶವಾಹಿಯು ಎಲೆಯಲ್ಲಿ ಪ್ರಕಟವಾಗಿ, ಅದು ಕುಡಿಗೆ ಹೋಗಿ ಫ್ಲೋರಿಜನ್ನಿನ ಕೆಲಸಕ್ಕೆ ಅಡ್ಡಿಮಾಡುತ್ತದೆ. ಹೀಗೆ, ಸ್ವಿಚ್ಚನ್ನು ಒತ್ತಿದ ರೈತನು ದೀಪವನ್ನು ಮಾತ್ರವಲ್ಲದೆ ಲಕ್ಷಾಂತರ ಜೀವಕೋಶಗಳೊಳಗಿನ ವಂಶವಾಹಿಯನ್ನೂ ಏರಿಸಿ ಇಳಿಸುತ್ತಿದ್ದಾನೆ.

ಮದ್ದಿನ ಅಪ್ಪಣೆ

ರಾಸಾಯನಿಕ ವಸ್ತುವು ವಂಶವಾಹಿಯ ತೂಬನ್ನು ಎತ್ತುವ ರೀತಿಯನ್ನು ಮೊದಲು ವಿಶದಪಡಿಸಿದವರು ಫ್ರಾನ್ಸ್ ದೇಶದ ಜಾಕೋಬ್ ಮತ್ತು ಮೊನೋ ಎಂಬವರು. ನಮ್ಮ ಕರುಳಿನಲ್ಲಿ ವಾಸಿಸುವ ಒಂದು ಸೂಕ್ಷ್ಮಜೀವಿಯು ಹಾಲಿನ ಸಕ್ಕರೆ ದೊರೆತಾಗ ಮಾತ್ರ ಅದನ್ನು ಜೀರ್ಣಿಸುವ ಪ್ರೋಟೀನನ್ನು ತಯಾರಿಸುವುದೆಂದೂ, ಸಕ್ಕರೆಯಿಲ್ಲದಾಗ ಕಾವಲಿನ ಪ್ರೋಟೀನೊಂದು ಆ ವಂಶವಾಹಿಯನ್ನು ಅದುಮಿ ಕುಳಿತಿರುವುದೆಂದೂ 1961ರಲ್ಲಿ ಅವರು ವಿವರಿಸಿದರು. 1965ರಲ್ಲಿ ಅವರಿಗೂ ಅವರ ಹಿರಿಯರಾದ ಲ್ವೋಫ್ ಎಂಬವರಿಗೂ ನೊಬೆಲ್ ಬಹುಮಾನ ಬಂದಿತು.

ರೈತನು ಅರಿಯದೆಯೇ ಈ ಬಗೆಯ ವಸ್ತುಗಳನ್ನು ದಿನವೂ ಬಳಸುತ್ತಿದ್ದಾನೆ. ಬಾಳೆಗೊನೆಯನ್ನು ಮುಚ್ಚಿಟ್ಟು ಹೊಗೆ ಹಾಕುವ ನಮ್ಮ ಹಿರಿಯರ ಪದ್ಧತಿಯಲ್ಲಿ ಹೊಗೆಯೊಳಗಿನ ಎಥಿಲೀನ್ ಎಂಬ ಅನಿಲವು ಕಾಯಿಯ ಕೋಶಗಳಿಗೆ ಅಪ್ಪಣೆಯಾಗಿ, ಕಾಯನ್ನು ಮೆತ್ತಗೆ ಮಾಡುವ ಮತ್ತು ಹಿಟ್ಟನ್ನು ಸಿಹಿಯಾಗಿಸುವ ವಂಶವಾಹಿಗಳನ್ನು ಎಬ್ಬಿಸುತ್ತದೆ. ಹಣ್ಣು ತಾನೂ ಎಥಿಲೀನನ್ನು ಬಿಡುವುದರಿಂದ ಒಂದು ಹಣ್ಣಾದರೆ ಪಕ್ಕದ ಕಾಯಿಗಳೂ ಹಣ್ಣಾಗುತ್ತವೆ. ಇದನ್ನು ಬಿಟ್ಟು ಕಾರ್ಬೈಡ್ ಪುಡಿಯಿಂದ ಹಣ್ಣು ಮಾಡುವುದು ಕಾನೂನಿನಂತೆ ನಿಷಿದ್ಧವಾಗಿದೆ. ಅದರಲ್ಲಿ ಪಾಷಾಣ ಮುಂತಾದ ವಿಷಗಳ ಅಂಶ ಇರಬಹುದು. ಮಾಗಿಸುವ ಕೋಣೆಗಳಲ್ಲಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ ಮೀರದಂತೆ ಎಥಿಲೀನ್ ಅನಿಲವನ್ನು ಬಳಸಲು ಅವಕಾಶ ಉಂಟು.

ಇದಕ್ಕಿಂತಲೂ ಎಚ್ಚರಿಕೆ ಬೇಕಾದುದು 2,4-ಡಿ ಎಂಬ ಕಳೆನಾಶಕದ ವಿಷಯದಲ್ಲಿ. 1940ರ ದಶಕದಲ್ಲಿ ಬಳಕೆಗೆ ಬಂದ ಈ ಮದ್ದು, ಗಿಡದ ಕುಡಿಯಲ್ಲಿ ಸಹಜವಾಗಿ ಹುಟ್ಟುವ ಆಕ್ಸಿನ್ ಎಂಬ ಬೆಳವಣಿಗೆಯ ರಸದ ವೇಷವನ್ನು ಧರಿಸಿ ಕೋಶವನ್ನು ಮೋಸಗೊಳಿಸುತ್ತದೆ. ಆಕ್ಸಿನ್ನನ್ನು ಗುರುತಿಸುವ ಪ್ರೋಟೀನನ್ನು 2005ರಲ್ಲಿ ಕಂಡುಹಿಡಿದ ಮೇಲೆ ಇದರ ರೀತಿ ಸ್ಪಷ್ಟವಾಯಿತು. ಆಕ್ಸಿನ್ ಬಂದಾಗ, ತೂಬುಗಳನ್ನು ಮುಚ್ಚಿ ಕುಳಿತಿದ್ದ ಕಾವಲಿನ ಪ್ರೋಟೀನುಗಳು ನಾಶವಾಗಿ ಬೆಳವಣಿಗೆಯ ವಂಶವಾಹಿಗಳು ಪ್ರಕಟವಾಗುತ್ತವೆ. ಸಹಜವಾದ ಆಕ್ಸಿನ್ನನ್ನು ಗಿಡವು ಬೇಗನೆ ಕರಗಿಸಿಕೊಳ್ಳುತ್ತದೆ. 2,4-ಡಿಯನ್ನು ಹಾಗೆ ಕರಗಿಸಲಾರದು. ತೂಬು ತೆರೆದೇ ಉಳಿದು, ಕಾಂಡ ತಿರುಚಿ, ಎಲೆ ಮುರುಟಿ, ಗಿಡವು ಮಿತಿಮೀರಿದ ಬೆಳವಣಿಗೆಯಿಂದಲೇ ಸಾಯುತ್ತದೆ. ರಾಗಿ, ಬತ್ತ, ಕಬ್ಬು ಮುಂತಾದ ಹುಲ್ಲಿನ ಜಾತಿಯ ಪೈರುಗಳು ತಕ್ಕ ವಯಸ್ಸಿನಲ್ಲಿದ್ದರೆ ಇದನ್ನು ತಾಳಿಕೊಳ್ಳುತ್ತವೆ. ಅಗಲ ಎಲೆಯ ಕಳೆಗಳು ತಾಳಲಾರವು. ಅವರೆಯೂ ತೊಗರಿಯೂ ಅಗಲ ಎಲೆಯವೇ. ಆದುದರಿಂದ ರಾಗಿಗೆ ಒಳ್ಳೆಯದೆಂದು ಅಂಗಡಿಯಲ್ಲಿ ಕೊಟ್ಟ ಮದ್ದನ್ನು ಅಕ್ಕಡಿಯುಳ್ಳ ಹೊಲಕ್ಕೆ ಸಿಂಪಡಿಸಿದರೆ, ರಾಗಿ ಉಳಿದು ಅಕ್ಕಡಿ ಸಾಲು ನಾಶವಾಗುವುದು ನಿಶ್ಚಯ. ಅಕ್ಕಡಿಯ ಕಾಯಿಯೇ ಹೆಂಗಸರ ಕೈಖರ್ಚಿಗೂ ಮಕ್ಕಳ ಪುಸ್ತಕಕ್ಕೂ ಆಧಾರವಾಗಿರುವ ಮನೆಗಳು ನಮ್ಮಲ್ಲಿ ಅನೇಕವಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಪ್ರಯೋಗಶಾಲೆಯ ಕೀಲಿಗಳು

ಪ್ರಕೃತಿಯ ಈ ಏರ್ಪಾಡನ್ನು ತಿಳಿದ ಮೇಲೆ, ಅದನ್ನು ಬೇಕಾದ ಕೋಶದಲ್ಲಿ ಜೋಡಿಸುವ ಪ್ರಯತ್ನವೂ ನಡೆದಿದೆ. 1992ರಲ್ಲಿ ಜರ್ಮನಿಯ ಗೋಸೆನ್ ಮತ್ತು ಬುಯಾರ್ಡ್ ಎಂಬವರು, ದನಗಳ ರೋಗಗಳಿಗೂ ಕೊಡುವ ಟೆಟ್ರಾಸೈಕ್ಲಿನ್ ಎಂಬ ಔಷಧಿಯನ್ನು ಹಾಕಿದಾಗ ಮುಚ್ಚುವ, ತೆಗೆದಾಗ ತೆರೆಯುವ ತೂಬನ್ನು ಮನುಷ್ಯನ ಜೀವಕೋಶಗಳಲ್ಲಿ ನಿರ್ಮಿಸಿದರು. 2002ರಲ್ಲಿ ಅಮೆರಿಕದ ಪೀಟರ್ ಕ್ವೇಲ್ ಮತ್ತು ಸಂಗಡಿಗರು ಗಿಡದ ಫೈಟೋಕ್ರೋಮನ್ನು ಯೀಸ್ಟ್ ಎಂಬ ಹುದುಗಿನ ಜೀವಿಯೊಳಗೆ ಸೇರಿಸಿ, ಕೆಂಪು ಬೆಳಕಿನಿಂದ ಒಂದು ವಂಶವಾಹಿಯನ್ನು ಎಬ್ಬಿಸಿ, ಕಡುಗೆಂಪಿನಿಂದ ಮಲಗಿಸಿದರು. ಮದ್ದು ಕೋಶದೊಳಗೆ ಸೇರಿದ ಮೇಲೆ ಅದನ್ನು ಹಿಂದಕ್ಕೆ ತೆಗೆಯಲು ಹೊತ್ತು ಹಿಡಿಯುತ್ತದೆ. ಬೆಳಕನ್ನು ಬೇಕಾದ ಎಡೆಗೆ, ಬೇಕಾದ ಕ್ಷಣಕ್ಕೆ ಬಿಟ್ಟು ಮರುಕ್ಷಣವೇ ನಿಲ್ಲಿಸಬಹುದು. ಆದರೆ ಬೆಳಕು ದಪ್ಪನಾದ ಮಾಂಸವನ್ನಾಗಲಿ ಕಾಂಡವನ್ನಾಗಲಿ ಆಳವಾಗಿ ಹೊಗಲಾರದು. ಹೀಗೆ ಎರಡಕ್ಕೂ ಅದರದರ ಗುಣದೋಷಗಳುಂಟು.

ಇವು ಪ್ರಯೋಗಶಾಲೆಯ ವಿದ್ಯೆಗಳು. ಅಂಗಡಿಯಲ್ಲಿ ಸೀಸೆಯೊಳಗೆ ಸಿಕ್ಕುವ ಪದಾರ್ಥಗಳಲ್ಲ. ವಂಶವಾಹಿಯನ್ನೇ ಎಬ್ಬಿಸಿ ಇಳುವರಿಯನ್ನು ಇಮ್ಮಡಿಸುವ ಮದ್ದೆಂದು ಹೇಳಿಕೊಂಡು ಯಾರಾದರೂ ಬಂದಲ್ಲಿ, ಅದರಲ್ಲಿರುವ ವಸ್ತು ಯಾವುದು, ಯಾವ ಪೈರಿಗೆ ಅನುಮತಿ ಪಡೆದಿದೆ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸದೆ ಹಣವನ್ನು ಕೊಡತಕ್ಕದ್ದಲ್ಲ.

ರೈತರು ಗಮನಿಸತಕ್ಕ ಅಂಶಗಳು

1. ನಾಟಿ ಅವರೆಯನ್ನು ಮುಂಗಾರಿನಲ್ಲಿ ಮಾತ್ರ ಬಿತ್ತಬೇಕು. ಬೇಸಗೆಯ ಬಿತ್ತನೆಗೆ ಹಗಲಿನ ಉದ್ದವನ್ನು ಲಕ್ಷಿಸದ ತಳಿಯೇ ಆಗಬೇಕು. ಬೀಜವನ್ನು ಕೊಳ್ಳುವಾಗ ತಳಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

2. ಬಳ್ಳಿ ಸೊಂಪಾಗಿದ್ದು ಹೂವು ಬಾರದಿದ್ದಲ್ಲಿ, ಗೊಬ್ಬರಕ್ಕೆ ಹಣ ಹಾಕುವ ಮೊದಲು ರಾತ್ರಿಯ ಹೊತ್ತು ಹೊಲಕ್ಕೆ ಹೋಗಿ ಬೀದಿಯ ದೀಪ, ಪಂಪುಮನೆಯ ದೀಪ, ಕಣದ ದೀಪಗಳ ಬೆಳಕು ಎಲ್ಲಿಯವರೆಗೆ ಬೀಳುವುದೆಂದು ನೋಡಬೇಕು. ಸ್ವಂತ ದೀಪವಾದರೆ ಆಶ್ವಯುಜ, ಕಾರ್ತಿಕಗಳಲ್ಲಿ ಕೆಲಸ ಮುಗಿದೊಡನೆ ಆರಿಸಬೇಕು. ಬೀದಿಯ ದೀಪವಾದರೆ ಪಂಚಾಯಿತಿಯವರಿಗೆ ತಿಳಿಸಿ ಹೊಲದ ಕಡೆಗೆ ಮರೆ ಹಾಕಿಸಬೇಕು.

3. ಅಕ್ಕಡಿಯಿರುವ ರಾಗಿಯ ಹೊಲಕ್ಕೆ 2,4-ಡಿಯನ್ನು ಸಿಂಪಡಿಸಲೇಕೂಡದು. ಅಂತಹ ಹೊಲಕ್ಕೆ ಎಡೆಕುಂಟೆಯೂ ಕೈಕಳೆಯೂ ಸರಿ. ಬರಿಯ ರಾಗಿಗೆ ಸಿಂಪಡಿಸುವಾಗಲೂ ನೆರೆಯವರ ಅವರೆ, ಟೊಮೇಟೊಗಳ ಕಡೆಗೆ ಗಾಳಿ ಬೀಸುವಂತಿದ್ದರೆ ಆ ದಿನ ಬಿಡಬೇಕು. ಎಸ್ಟರ್ ರೂಪದ ಮದ್ದು ಆವಿಯಾಗಿಯೂ ಹರಡುವುದರಿಂದ ಅದರಲ್ಲಿ ಅಪಾಯ ಹೆಚ್ಚು.

4. 2,4-ಡಿಯನ್ನು ಸಿಂಪಡಿಸಿದ ಪಂಪನ್ನು ಅವರೆಗೆ ಬಳಸಕೂಡದು. ಅನುಕೂಲವಿದ್ದರೆ ಅದಕ್ಕೆ ಬೇರೆ ಪಂಪನ್ನೇ ಇಟ್ಟುಕೊಳ್ಳುವುದು ಉತ್ತಮ.

ನಾನು ಹಿಂದೆ ಹೇಳಿದ ರೈತರು ಈಗ ಪ್ರತಿವರ್ಷವೂ ನವರಾತ್ರಿಗೆ ಮುಂಚೆ ಆ ತಗಡಿನ ಮರೆಯನ್ನು ನೋಡಿ ಸರಿಪಡಿಸುತ್ತಾರೆ. ನಾನು ವ್ಯರ್ಥವಾಗಿ ಖರ್ಚು ಮಾಡಿಸಿದ ಗೊಬ್ಬರದ ಮಾತನ್ನು ಅವರು ಒಮ್ಮೆಯೂ ಎತ್ತಿಲ್ಲ. ಬೆಳಕೂ ಮದ್ದೂ ಪೈರಿಗೆ ಅಪ್ಪಣೆಗಳೆಂಬುದನ್ನು ಅರಿತಿದ್ದರೆ ಆ ಖರ್ಚು ತಪ್ಪುತ್ತಿತ್ತು. ಪೈರು ತನಗೆ ಬಂದ ಅಪ್ಪಣೆಯಂತೆ ನಡೆಯುತ್ತದೆ. ಆ ಅಪ್ಪಣೆ ಎಲ್ಲಿಂದ ಬಂದಿತೆಂದು ಮೊದಲು ವಿಚಾರಿಸಿ, ಅನಂತರ ಚಿಕಿತ್ಸೆಗೆ ಕೈಹಾಕುವುದು ರೈತನಿಗೂ ಇಲಾಖೆಯ ನೌಕರನಿಗೂ ಸಮಾನವಾದ ಕರ್ತವ್ಯವಾಗಿದೆ.